ನಾಲ್ಕು ಬೆರಳು ಈಚೆಗೆ

ಹನ್ನೆರಡನೇ ತಾರೀಖು, ಮಂಗಳವಾರ.

ಟವರ್ ಕ್ರೇನಿಗೆ ನಗರಪಾಲಿಕೆಯ ಪರವಾನಗಿ ಸಿಕ್ಕಿತು! ಎರಡು ಸಲ ವಾಪಸ್ಸಾದ ಅರ್ಜಿ. ಇವತ್ತೂ ವಾಪಸ್ಸಾಗಿದ್ದರೆ ತಮ್ಮನ ಮಗಳ ಕೈಯಿಂದ ಕೆಲಸವೇ ಜಾರುತ್ತಿತ್ತು. ಎಂಜಿನಿಯರಾಗಿ ಅವಳಿಗಿದು ಮೊದಲ ಕಟ್ಟಡ.

ಅಧಿಕಾರಿಯಮ್ಮನ ತಕರಾರು ಒಂದೇ, ಕ್ರೇನಿನ ತೋಳು ಪಕ್ಕದ ಶಾಲೆಯ ಅಂಗಳದ ಮೇಲೆ ಹಾಯುತ್ತದೆ ಎಂದು. ನ್ಯಾಯವೇ. ಲಾರಿಗೆ ಸುಲಭವೆಂದು ನಾವು ನಕ್ಷೆಯಲ್ಲಿ ಕ್ರೇನನ್ನು ಶಾಲೆಯ ಕಡೆಯ ಮೂಲೆಗೇ ಇಟ್ಟಿದ್ದೆವು. ಕಟ್ಟಡದ ನಡುವೆ ಲಿಫ್ಟಿಗೆ ಬಿಟ್ಟ ಗುಂಡಿಯಲ್ಲೇ ನಿಲ್ಲಿಸಬಹುದೆಂದು ನನಗೆ ಹೊಳೆದದ್ದು ಮೊನ್ನೆ, ಹಲ್ಲುಜ್ಜುವಾಗ.

ಹೊಸ ನಕ್ಷೆ ಕೊಟ್ಟರೂ ಆಯಮ್ಮನಿಗೆ ನಂಬಿಕೆಯಿಲ್ಲ. ಜೇಬಿನಿಂದ ದಾರ, ಸೀಮೆಸುಣ್ಣ ತೆಗೆದು, ಮೀಟರಿಗೊಂದು ಬೆರಳಿನ ಲೆಕ್ಕದಲ್ಲಿ ಕಟ್ಟಡ, ಶಾಲೆ ಎರಡನ್ನೂ ನೆಲದ ಮೇಲೆ ಬರೆದೆ; ದಾರವನ್ನೂ ಅದೇ ಲೆಕ್ಕದಲ್ಲಿ ಕ್ರೇನಿನ ತೋಳಿನಷ್ಟಕ್ಕೆ ಅಳೆದೆ.

"ಯಜಮಾನ್ರೇ, ಇದು ಆಫೀಸು, ನಿಮ್ಮ ಸೈಟಲ್ಲ!"

"ಒರೆಸಿ ಕೊಡ್ತೀನಮ್ಮ. ಮೊದ್ಲು ಈ ತುದಿ ಹಿಡ್ಕೊಂಡು ಒಂದು ಸುತ್ತು ಬನ್ನಿ."

ಇನ್ನೊಂದು ತುದಿಯನ್ನು ಲಿಫ್ಟಿನ ಗುಂಡಿಯ ಗುರುತಿನ ಮೇಲೆ ನಾನು ಒತ್ತಿ ಹಿಡಿದೆ. ಆಯಮ್ಮ ಬಗ್ಗಿಕೊಂಡೇ ಸುತ್ತು ಬಂದರು. ದಾರ ಶಾಲೆಯ ಕಾಂಪೌಂಡ್ ಗೋಡೆಗೆ ನಾಲ್ಕು ಬೆರಳು ಈಚೆಗೇ ಹಾದುಹೋಯಿತು. ಮೊಹರು ಬಿತ್ತು.

"ದೊಡ್ಡಪ್ಪ, ನಂಗ್ಯಾಕೆ ಇದು ಹೊಳೀಲಿಲ್ಲ?" ಎಂದಳು ಜೊತೆಗೆ ಬಂದಿದ್ದ ಹುಡುಗಿ, ಆಫೀಸಿನ ಮೆಟ್ಟಿಲಿಳಿಯುತ್ತ.

"ನಕ್ಷೇಲಿ ನೀನು ಗೋಡೆ ನೋಡ್ತೀಯ. ಜೀವಮಾನವೆಲ್ಲ ಪಾಯ ತೋಡಿಸಿದ ಮೇಸ್ತ್ರಿ ನಾನು, ನಂಗೆ ಮೊದ್ಲು ಗುಂಡಿನೇ ಕಾಣೋದು ಕಣೇ."

ನಕ್ಕೂ ನಕ್ಕೂ ಅವಳ ಕಣ್ಣಲ್ಲಿ ನೀರು.

ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವನು ನಾನು. ನಾನೆಳೆದ ಗೆರೆಯ ಮೇಲೆ ಇವತ್ತು ನಗರಪಾಲಿಕೆಯೇ ನಡೆಯಿತಲ್ಲ! ನಿದ್ದೆ ಎಲ್ಲಿಂದ ಬರಬೇಕು? ತಮ್ಮ ಒಂಬತ್ತಕ್ಕೇ ಮಲಗುವ ಆಸಾಮಿ. ಏಳಲಿ, ಮಗಳು ಗೆದ್ದ ದಿನ ಎಂಥ ನಿದ್ದೆ ಅವನಿಗೆ, ಈಗಲೇ ಫೋನು ಮಾಡಿ ಎಬ್ಬಿಸುತ್ತೇನೆ.