ನನ್ನ ಮಗಳು ಹುಟ್ಟಿದ ನಕ್ಷತ್ರ

ಅರಸೀಕೆರೆ
14 ನವೆಂಬರ್ 2025, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾಜಿ,

ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಬಾಣಾವರದ ಅತ್ತೆಯ ಕೈ ಖಾರಕ್ಕೆ ಜೋರು, ನಿಮ್ಮ ಹೊಟ್ಟೆಗೆ ಆಗುವುದಿಲ್ಲ. ಮಜ್ಜಿಗೆ ಕೇಳಿ ಹಾಕಿಸಿಕೊಳ್ಳಿ, ತಂಗಿಯ ಮನೆಯಲ್ಲಿ ಎಂಥ ಸಂಕೋಚ? ಸಿಟ್ಟಿನಲ್ಲಿ ಫೋನನ್ನು ಇಲ್ಲೇ ಗೂಡಿನಲ್ಲಿಟ್ಟು ಹೋದಿರಿ, ಅದು ಬಡಕೊಳ್ಳುತ್ತಲೇ ಇದೆ. ಅತ್ತೆಗೆ ಮಾಡಿದರೆ ‘ನಿಮ್ಮಪ್ಪ ಯಾರ್ ತಾವ್ಲೂ ಮಾತಾಡಲ್ವಂತೆ ಕಣೇ’ ಎಂದು ಇಟ್ಟುಬಿಡುತ್ತಾರೆ. ಅದಕ್ಕೇ ಈ ಕಾಗದ. ನಮ್ಮ ಕೊಬ್ಬರಿ ಅಂಗಡಿಯ ನಂಜಪ್ಪ ಆ ಕಡೆ ರೈಲಿಗೆ ಹೊರಟಿದ್ದಾರೆ, ಅವರ ಕೈಲಿ ಕೊಡುತ್ತಿದ್ದೇನೆ.

ನನ್ನ ಮದುವೆ ಮಾತುಕತೆಯಲ್ಲಿ ಅಮ್ಮ ಬೇಲೂರಿನವರಿಗೆ ನನ್ನ ನಕ್ಷತ್ರ ಅನೂರಾಧಾ ಎಂದು ಹೇಳಿದ್ದು ನನಗೂ ಗೊತ್ತಿರಲಿಲ್ಲ, ದೇವರಾಣೆ. ಜ್ಯೇಷ್ಠಾ ಹುಡುಗಿ ಗಂಡನ ಅಣ್ಣನಿಗೆ ಆಗಿಬರುವುದಿಲ್ಲ ಎಂದು ಹಿಂದೆ ಬಂದ ಸಂಬಂಧಗಳು ತಪ್ಪಿದವಲ್ಲ, ಅವಳಿಗೆ ಆ ಹೆದರಿಕೆ. ನಿಮ್ಮ ಬಾಯಲ್ಲಿ ಸುಳ್ಳು ನಿಲ್ಲುವುದಿಲ್ಲ ಎಂದು ನಿಮಗೂ ಬೇಕೆಂದೇ ಮುಚ್ಚಿಟ್ಟಳಂತೆ. ನೀವೋ, ವಾರಪತ್ರಿಕೆಗೆ ಮಾಡಿಕೊಡುವ ಪದಬಂಧದ ತುಂಬ ಈ ಸಲ ಹೊಳೆಯುವ ನಕ್ಷತ್ರಗಳನ್ನೇ ಕೂರಿಸಿದಿರಿ. ಲುಬ್ಧಕ, ಅಗಸ್ತ್ಯ, ಸ್ವಾತಿ ಎಲ್ಲಕ್ಕೂ ನೆಟ್ಟಗೆ ಸುಳಿವು ಕೊಟ್ಟವರು ನನ್ನ ಜ್ಯೇಷ್ಠಾ ಒಂದಕ್ಕೆ ಮಾತ್ರ ‘ವೃಶ್ಚಿಕದ ಎದೆಯಲ್ಲಿ ಕೆಂಪಗೆ ಹೊಳೆಯುವ ತಾರೆ, ನನ್ನ ಮಗಳು ಹುಟ್ಟಿದ ನಕ್ಷತ್ರ (2)’ ಎಂದು ಬರೆಯಬೇಕಿತ್ತೇ? ಅಯ್ಯೋ ಅಪ್ಪಾಜಿ! ಕೆಳಗೆ ‘ರಚನೆ: ಮರುಳಪ್ಪ, ಅರಸೀಕೆರೆ’ ಅಂತ ಬೇರೆ. ಬೇಲೂರಿನಲ್ಲಿ ಅದನ್ನು ಬಿಡಿಸಿದವರು ಯಾರು ಹೇಳಿ? ಹುಡುಗನ ಅಣ್ಣ ಗಂಗಾಧರಪ್ಪನವರೇ.

ಅಂಗಡಿಯ ಜನರೆದುರು ಅಮ್ಮ ‘ಮನೆ ಮಾನನ ಪೇಪರ್‌ಗೆ ಹಾಕ್ಸಿದ್ರಲ್ರೀ’ ಎಂದು ಕೂಗಾಡಿದ್ದು ತಪ್ಪು. ಆವತ್ತಿನಿಂದ ಒಲೆ ಮುಂದೆ ಕೂತಾಗೆಲ್ಲ ಅಳುತ್ತಾಳೆ. ನನಗೆ ಅವಳ ಮೇಲೆ ಕೆಂಡದಂಥ ಕೋಪ, ನೋಡಿದರೆ ಪಾಪ ಅನ್ನಿಸುತ್ತದೆ. ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ತಾರಸಿಗೆ ಎತ್ತಿಕೊಂಡು ಹೋಗಿ ಆ ಕೆಂಪು ಚುಕ್ಕಿ ತೋರಿಸಿ ‘ಅದು ನಿಂದು ಕಣವ್ವಾ, ಯಾರೂ ಕಿತ್ಕಳಕ್ಕಾಗಲ್ಲ’ ಅನ್ನುತ್ತಿದ್ದಿರಿ. ಸಂಬಂಧಗಳು ತಪ್ಪಿದ ಮೇಲೆ ನಾನು ಆ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಅದನ್ನು ಹೆಮ್ಮೆಯಿಂದ ಅಚ್ಚು ಹಾಕಿಸಿದವರು ನೀವೊಬ್ಬರೇ. ಬೇಲೂರಿನ ಹುಡುಗ ಬಸವಕುಮಾರ್ ನನಗೆ ಇಷ್ಟ ಅಪ್ಪಾಜಿ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಅವರ ಫೋನು ಬರುವುದೇ ನಿಂತುಹೋಗಿದೆ.

ಭಾನುವಾರ ಬೇಲೂರಿನವರು ಬರುತ್ತಾರೆ. ‘ನಿಮ್ ಮಾತ್ ಬ್ಯಾಡ, ಮರುಳಪ್ಪನೋರೇ ಬಾಯ್ಬಿಟ್ಟು ಹೇಳ್ಲಿ’ ಎಂದು ಗಂಗಾಧರಪ್ಪನವರು ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದಾರೆ. ಪದಬಂಧದಲ್ಲಿ ಕೈತಪ್ಪಾಯಿತು, ಮಗಳದು ಅನೂರಾಧಾ ಎಂದು ನೀವು ಹೇಳಬೇಕಂತೆ. ಇದು ಅಮ್ಮನ ಮಾತು. ‘ಒಂದ್ಸಲ ಸುಳ್ಳು ಹೇಳಿದ್ರೆ ನಾಲ್ಗೆ ಬಿದ್ದೋಗಲ್ಲ, ಹಂಗೇ ಬರಿಯೇ’ ಎಂದು ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ. ಬರೆದಿದ್ದೇನೆ. ಶನಿವಾರ ಸಂಜೆಯೊಳಗೆ ಮನೆಗೆ ಬನ್ನಿ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಎಲ್ಲಿದ್ದರೂ ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಮಗಳು
ಹೇಮಲತಾ

ತಾ.ಕ.: ಹಾಲು ಉಕ್ಕಿತೆಂದು ಅಮ್ಮ ಒಳಗೆ ಓಡಿದಳು. ಅಪ್ಪಾಜಿ, ಜ್ಯೇಷ್ಠಾ ಎಂದೇ ಹೇಳಿ. ಅವರು ಎದ್ದು ಹೋದರೆ ಹೋಗಲಿ. ನಾನು ನಿಮ್ಮ ಪಕ್ಕದಲ್ಲೇ ಕೂತಿರುತ್ತೇನೆ.