ಕುಡಿದದ್ದೇಕೆ ಅಂತ ಕೇಳಿದರೆ

ಶನಿವಾರ, ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ನಿನ್ನ ಹೆಂಡತಿಯ ಕೆಮ್ಮು ಕಮ್ಮಿಯಾಯ್ತಾ? ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದ ಈ ಅಕ್ಕನನ್ನು ಬೈದುಕೋ, ಮುನಿಸಿಕೊಳ್ಳಬೇಡ.

ನನ್ನ ಕೆಲಸ ಗೊತ್ತಲ್ಲ. ಕುಡಿದು ಗಾಡಿ ಓಡಿಸಿ ಲೈಸೆನ್ಸ್ ಕಳೆದುಕೊಂಡವರಿಗೆ ಸಾರಿಗೆ ಕಚೇರಿಯ ಮಹಡಿಯಲ್ಲಿ ಒಂದು ದಿನದ ಪಾಠ. ಮುಗಿಸಿದವರಿಗೆ ಲೈಸೆನ್ಸ್ ವಾಪಸ್. ಮೊದಲು ಎಲ್ಲರ ಕೈಗೂ ಒಂದು ಹಾಳೆ ಕೊಡುತ್ತೇನೆ: 'ಯಾಕೆ ಕುಡಿದಿರಿ?' ಗೆಳೆಯ ಬಲವಂತ ಮಾಡಿದನಂತೆ. ಮನೆ ಹತ್ತಿರವೇ ಇತ್ತಂತೆ. ಬೀರು ಕುಡಿತದ ಲೆಕ್ಕಕ್ಕೇ ಬರೋಲ್ಲವಂತೆ. ಒಬ್ಬ 'ಖುಷಿಗೆ' ಅಂತ ಬರೆದು ಪಕ್ಕದಲ್ಲಿ ನಗುವ ಮುಖ ಬಿಡಿಸಿದ್ದ.

ಮುಂದಿನ ಸಾಲಿನಲ್ಲಿ ಒಬ್ಬ ಹಲ್ಲಿನ ಡಾಕ್ಟರು. ಗರಿಗರಿ ಶರ್ಟು, ಬಾಯಲ್ಲಿ ಏಲಕ್ಕಿ. ಎದ್ದು ನಿಂತು, "ಮೇಡಂ, ಕುಡಿಯದಿದ್ದರೇ ನನ್ನ ಕೈ ನಡುಗುತ್ತೆ. ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯೋಕೇ ಕುಡಿಯೋದು" ಅಂದ. ಉಳಿದವರು ಚಪ್ಪಾಳೆ ತಟ್ಟಿದರು ಕಣೋ!

"ಕಾರಿನಲ್ಲಿ ಪಕ್ಕದಲ್ಲಿ ಯಾರಿದ್ದರು?" ಅಂದೆ.

"ಹೆಂಡತಿ. ಅವಳಿಗೆ ಭಯವೇ ಇಲ್ಲ, ಹಾಯಾಗಿ ನಿದ್ದೆ ಮಾಡ್ತಾಳೆ."

ಊಟದ ಬಿಡುವಿನಲ್ಲಿ ಆಕೆ ಪಾಠದ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೆಲ್ಲಗೆ ಹೇಳಿದಳು: "ನಿದ್ದೆ ಅಲ್ಲ, ಕಣ್ಣು ಮುಚ್ಚಿಕೊಂಡಿರ್ತೀನಿ ಅಷ್ಟೇ. ಇವತ್ತೂ ಅವರೇ ಓಡಿಸಿಕೊಂಡು ಬಂದರು."

ಅಷ್ಟರಲ್ಲಿ ಅವನು ಕಾರಿನಿಂದ ಮೇಲೆ ಬಂದ. ಏಲಕ್ಕಿಯನ್ನೂ ಮೀರಿ ಗಬ್ಬು ನಾರುತ್ತಿದ್ದ.

"ಕೀ ಕೊಡಿ," ಅಂತ ಕೈ ಚಾಚಿದೆ.

"ಎರಡೇ ಗುಟುಕು ಮೇಡಂ. ನಿಮ್ಮ ಪಾಠ ಕೇಳೋಕೂ ಧೈರ್ಯ ಬೇಡವಾ?" ಅಂತ ಹಲ್ಲು ಕಿಸಿದ.

ಕೀ ಕಿತ್ತುಕೊಂಡು ಕೆಳಗಿದ್ದ ಪೊಲೀಸರನ್ನು ಕೂಗಿದೆ. ಅವನ ಹಾಳೆಯ ಮೇಲೆ 'ಅನುತ್ತೀರ್ಣ' ಅಂತ ಬರೆದೆ. ಆಕೆ ಹಿಂತಿರುಗಿಯೂ ನೋಡದೆ ಒಬ್ಬಳೇ ಬಸ್ ಸ್ಟಾಪಿನ ಕಡೆ ನಡೆದಳು. ನಾನು ಮೂರು ಸಲ ಸೋಪು ಹಾಕಿ ಕೈ ತೊಳೆದೆ. ಇನ್ನೂ ಆ ವಾಸನೆ ಮೂಗಿನಲ್ಲೇ ಇದೆ, ಥೂ!

ನಿಮಗೆಲ್ಲ ಒಳ್ಳೆಯದಾಗಲಿ. ನಿನ್ನ ಮಗಳು ಪುಟ್ಟಿ ನೂರು ಕಾಲ ಬಾಳಲಿ.

ನಿನ್ನ ಅಕ್ಕ

ತಾ.ಕ.: ಶಾಲೆ ಶುರುವಾದ ಮೇಲೆ ಪುಟ್ಟಿಯನ್ನು ನಮ್ಮ ಅಪ್ಪನೇ ಕಾರಿನಲ್ಲಿ ಬಿಟ್ಟು ಬರುತ್ತಾರೆ ಅಂತ ಬರೆದಿದ್ದೀಯ. ಬೇಡ. ಫೋನಿನಲ್ಲಿ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಅಪ್ಪ ಓಡಿಸುತ್ತಿದ್ದ ಕಾರಿನಲ್ಲಿ ನಿನ್ನ ಕಾಲು ಹೋದ ದಿನ ನಾಯಿ ಅಡ್ಡ ಬಂತು ಅಂತ ಪೊಲೀಸರಿಗೆ ಹೇಳಿದವಳು ನಾನು. ಆಗ ಹನ್ನೆರಡು ವರ್ಷ ನನಗೆ, ಅಪ್ಪ ಹೇಳಿಕೊಟ್ಟಿದ್ದರು. ಇವತ್ತಿಗೂ ನೀನು ಬೀದಿನಾಯಿ ಕಂಡರೆ ಕಲ್ಲು ಎತ್ತುತ್ತೀಯ. ಅವತ್ತು ಯಾವ ನಾಯಿಯೂ ಬಂದಿರಲಿಲ್ಲ ಕಣೋ.