ಬರೀ ಬೇರಿನ ಪುಡಿ

ಫೆಬ್ರವರಿ 3

ಮೇಷ್ಟ್ರು ಇವತ್ತೂ ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದರು. ರಿಟೈರ್ ಆದ ಮೇಲೆ ಕಾರು ಕಲಿಯುವ ಚಪಲ. ಕಲಿಸುವ ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುವುದರಿಂದ ಬಚಾವ್, ಇಲ್ಲದಿದ್ದರೆ ಇಬ್ಬರೂ ಬೇಕರಿಯೊಳಗೆ ಇರುತ್ತಿದ್ದೆವು. ಹೊಟ್ಟೆ ಮತ್ತೆ ಉರಿಯಿತು.

ಸಂಜೆ ಡಾಕ್ಟರ್. ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇರಬಹುದಂತೆ. ಚೀಲಕ್ಕೆ ಊದುವ ಟೆಸ್ಟ್. ಅದಕ್ಕೆ ಮೊದಲು ಎರಡು ವಾರ ಆಸಿಡ್ ತಗ್ಗಿಸುವ ಮಾತ್ರೆ ಬಂದ್. ತಗೊಂಡರೆ ಬ್ಯಾಕ್ಟೀರಿಯಾ ಅಡಗಿ ಕೂರುತ್ತದೆ, ಇದ್ದರೂ ಇಲ್ಲ ಎಂದು ಬರುತ್ತದೆ. ಇತ್ತೀಚೆಗೆ ಆಂಟಿಬಯಾಟಿಕ್ ತಗೊಂಡಿಲ್ಲ ತಾನೆ ಎಂದೂ ಕೇಳಿದರು. ಇಲ್ಲ. ಮನೆಗೆ ಬಂದವಳೇ ಮಾತ್ರೆಯನ್ನೆಲ್ಲ ಕಸಕ್ಕೆ ಹಾಕಿದೆ.

ಫೆಬ್ರವರಿ 4

ಅಕ್ಕನ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಹೊಟ್ಟೆಗೆ ಅವಳ ಪುಡಿ ಎಂದರೆ ಸುತ್ತಲಿನ ನಾಲ್ಕು ಬೀದಿಗೂ ಗೊತ್ತು. ನಾನೂ ದಿನಾ ಎರಡು ಚಮಚ. ಗಿರಾಕಿಗಳಿಬ್ಬರು ಕೂತಿದ್ದರು. ಟೆಸ್ಟಿನ ವಿಷಯ ಎಲ್ಲ ಹೇಳಿ, ಇದನ್ನು ತಿನ್ನಬಹುದಾ ಎಂದು ನೇರವಾಗಿಯೇ ಕೇಳಿದೆ.

"ತಿನ್ನು. ಅದೇನು ಔಷಧಿನಾ? ಬರೀ ಬೇರು" ಎಂದಳು.

ಡಾಕ್ಟರಿಗೊಮ್ಮೆ ಫೋನ್ ಮಾಡೋಣ ಅನ್ನಿಸಿತ್ತು. ಅಕ್ಕನೇ ಹೇಳಿದ ಮೇಲೆ ಡಾಕ್ಟರ್ ಯಾಕೆ... ಅಮ್ಮ ಹೋದ ಮೇಲೆ ನನಗೆ ಜಡೆ ಹಾಕಿ ಸ್ಕೂಲಿಗೆ ಕಳಿಸಿದವಳು.

ಫೆಬ್ರವರಿ 19

ಖಾಲಿ ಹೊಟ್ಟೆಯಲ್ಲಿ ಹೋಗಿ ಊದಿ ಬಂದೆ. ಮಾತ್ರೆ ಬಿಟ್ಟರೂ ಎರಡು ವಾರ ಉರಿ ಅಷ್ಟೇನೂ ಇರಲಿಲ್ಲ. ವಿಚಿತ್ರ. ಏನೂ ತಗೊಂಡಿಲ್ಲ ತಾನೆ ಎಂದು ನರ್ಸ್ ಕೇಳಿದರು. ಏನೂ ಇಲ್ಲ ಎಂದೆ. ಎದೆ ತಟ್ಟಿಕೊಂಡು.

ಫೆಬ್ರವರಿ 21

ನೆಗೆಟಿವ್. ಡಾಕ್ಟರ್ ಟೆನ್ಷನ್ ಕಡಿಮೆ ಮಾಡಿ ಎಂದರು. ನನ್ನವರು ನಾನು ಮೊದಲೇ ಹೇಳಿರಲಿಲ್ಲವಾ ಎಂದರು. ಅಕ್ಕ ಬಂದು ಬೆನ್ನು ಸವರಿದಳು. "ನಿಂದೆಲ್ಲ ತಲೇಲಿ ಕಣೆ, ಹೊಟ್ಟೇಲಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ.

ಕಾಯಿಲೆಯೇ ಇಲ್ಲದ ಮೇಲೆ ಪುಡಿ ಯಾಕೆ? ಅದನ್ನೂ ನಿಲ್ಲಿಸಿದೆ.

ಮಾರ್ಚ್ 10

ಉರಿ ಬಡ್ಡಿ ಸಮೇತ ವಾಪಸ್. ಯಾರಿಗೂ ಹೇಳಿಲ್ಲ. ಹೇಳಿದರೆ ಮತ್ತೆ ತಲೆ ಎನ್ನುತ್ತಾರೆ. ರಿವರ್ಸ್ ತೆಗೆಯುವಾಗ ಮೇಷ್ಟ್ರು ನನ್ನ ಮುಖ ನೋಡಿ ತಾವೇ ಗಾಡಿ ನಿಲ್ಲಿಸಿದರು. ಅವರು ಸರಿಯಾಗಿ ಬ್ರೇಕ್ ಹಾಕಿದ್ದು ಅದೇ ಮೊದಲು.

ಮಾರ್ಚ್ 24, ಆಸ್ಪತ್ರೆ

ಕೈಯಲ್ಲಿ ಸೂಜಿ. ಅಕ್ಷರ ಸೊಟ್ಟ. ಮೊನ್ನೆ ಬಾತ್‌ರೂಮಿನಲ್ಲಿ ಬಿದ್ದೆ. ಮಲ ಟಾರಿನ ಹಾಗೆ ಕಪ್ಪಗಿತ್ತು. ಗಂಟಲಿಂದ ಕೊಳವೆ ಇಳಿಸಿ ನೋಡಿದರು — ಹುಣ್ಣು, ರಕ್ತ ಸೋರುತ್ತಿತ್ತು. ಸೋರುವಾಗ ಟೆಸ್ಟ್ ತಪ್ಪಾಗುವುದುಂಟಂತೆ, ಅದಕ್ಕೇ ಹೊಟ್ಟೆಯೊಳಗೆ ಎರಡು ಮೂರು ಕಡೆಯಿಂದ ಚೂರು ತೆಗೆದು ನೋಡಿದರಂತೆ. ಬ್ಯಾಕ್ಟೀರಿಯಾ ಇದೆ. ಮೊದಲಿನಿಂದಲೂ ಇತ್ತು.

ಆ ಎರಡು ವಾರ ಏನು ತಿಂದಿರಿ ಎಂದು ಡಾಕ್ಟರ್ ಮತ್ತೆ ಮತ್ತೆ ಕೇಳಿದರು. ಕೊನೆಗೆ ಪುಡಿ ಎಂದೆ. ಇಂಥ ಕೆಲವು ಪುಡಿಗಳಿಗೆ ಆಸಿಡ್ ಮಾತ್ರೆಯನ್ನೇ ಅರೆದು ಹಾಕುತ್ತಾರೆ ಎಂದರು. ರೇಗಿತು. ನನ್ನಕ್ಕ ಅಂಥವಳಲ್ಲ ಎಂದು ಕೂಗಾಡಿ ನರ್ಸ್ ಕೈಲಿ ಬೈಸಿಕೊಂಡೆ.

ಮಾರ್ಚ್ 25

ಅಕ್ಕ ಬಂದಳು. ಕೇಳಿದೆ. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದು ಕೂತಳು. ಅಷ್ಟರಲ್ಲೇ ಗೊತ್ತಾಯಿತು.

ಬರೀ ಬೇರಿಗೆ ಯಾರೂ ಎರಡನೇ ಸಲ ಬರುವುದಿಲ್ಲವಂತೆ. ಮಾತ್ರೆ ಅರೆದು ಹಾಕಿದ ಮೇಲೇ ಅಂಗಡಿ ನಡೆದದ್ದಂತೆ. ಅದು ಹಾಳಾಗಲಿ. ನಾನು ಬಾಯಿ ಬಿಟ್ಟು ಕೇಳಿದ್ದೆನಲ್ಲ?

"ಎದುರಿಗೆ ಗಿರಾಕಿಗಳಿದ್ರು ಕಣೆ. ಹೇಗೆ ಹೇಳ್ಲಿ?"

"ಅವರು ಹೋದ್ಮೇಲೆ ಫೋನ್ ಮಾಡ್ಬಹುದಿತ್ತಲ್ಲ."

"ಮಾಡೋಣ ಅಂತಾನೇ ಇದ್ದೆ. ಅಷ್ಟರಲ್ಲಿ ನೆಗೆಟಿವ್ ಬಂತು. ನಿಜವಾಗ್ಲೂ ಏನೂ ಇಲ್ವೇನೋ ಅನ್ಕೊಂಡೆ."

ಅನ್ಕೊಂಡಳಂತೆ. ಎಲ್ಲ ಗೊತ್ತಿದ್ದೂ ಬೆನ್ನು ಸವರಿ "ತಲೇಲಿ" ಎಂದವಳು. ಡಾಕ್ಟರ್ ತಪ್ಪಿದ್ದರೆ ಸಹಿಸುತ್ತಿದ್ದೆ, ಮಷೀನ್ ಕೆಟ್ಟಿದ್ದರೂ ಸರಿ. ಇವಳು ನಂಬಿಸಿ ಕತ್ತು ಕೊಯ್ದಳು. ಹೋಗುವಾಗ ಕೈ ಹಿಡಿದು, ಯಾರಿಗೂ ಹೇಳಬೇಡ, ನನ್ನ ಮಾನ ನಿನ್ನ ಕೈಲಿದೆ ಎಂದಳು. ಹೂಂ ಎಂದೆ. ಯಾಕೆ ಎಂದೆನೋ. ಅಳು ಬರುತ್ತಿತ್ತು, ಮೊದಲು ಹೋಗಲಿ ಎಂದಿರಬೇಕು.

ಏಪ್ರಿಲ್ 16

ಔಷಧಿಯ ಕೋರ್ಸ್ ಮುಗಿಯಿತು. ನಾಲಿಗೆಯ ಮೇಲೆ ಇನ್ನೂ ಕಬ್ಬಿಣದ ರುಚಿ. ವಾಸಿಯಾಗಿದೆಯಾ ಎಂದು ನೋಡಲು ಒಂದು ತಿಂಗಳು ಕಾಯಬೇಕು, ಈಗಲೇ ಊದಿದರೆ ಮತ್ತೆ ಸುಳ್ಳು ಬರಬಹುದಂತೆ. ಅಕ್ಕ ಊಟದ ಡಬ್ಬಿ ಕಳಿಸುತ್ತಾಳೆ. ಮುಚ್ಚಳ ತೆಗೆಯದೆ ವಾಪಸ್ ಕಳಿಸುತ್ತೇನೆ. ನನ್ನವರು ಯಾಕೆ ಎನ್ನುತ್ತಾರೆ. ಪಥ್ಯ ಎನ್ನುತ್ತೇನೆ. ಅವಳಿಗಾಗಿ ನಾನೂ ಸುಳ್ಳು ಹೇಳುವ ಹಾಗಾಯಿತಲ್ಲ, ಅದಕ್ಕೇ ಮೈ ಉರಿಯುತ್ತದೆ.

ಏಪ್ರಿಲ್ 20, ರಾತ್ರಿ

ಇವತ್ತಿನಿಂದ ಮತ್ತೆ ಕೆಲಸ. ಮೇಷ್ಟ್ರು ಗೇರ್ ಚೆನ್ನಾಗಿ ಬದಲಿಸುತ್ತಾರೆ ಈಗ. ಸಿಗ್ನಲ್ಲಿನಲ್ಲಿ ನಿಂತಾಗ ಮಾತು ತೆಗೆದರು. ಹೆಂಡತಿಗೆ ಹೊಟ್ಟೆನೋವಂತೆ, ಸೋಮವಾರ ಊದುವ ಟೆಸ್ಟಂತೆ. ಮಾತ್ರೆ ಎಲ್ಲ ನಿಲ್ಲಿಸಿದ್ದಾರಂತೆ.

"ನಿಮ್ಮಕ್ಕನ ಪುಡಿ ಒಂದು ಬಿಟ್ಟಿಲ್ಲ. ಅವರನ್ನೇ ಕೇಳಿದ್ವಿ, ತಿನ್ನಿ ಅಂದ್ರು. ಪರವಾಗಿಲ್ಲ ತಾನೆ ಮೇಡಂ?"

ಮೊನ್ನೆ ಮೊನ್ನೆ ಕೇಳಿದ್ದಂತೆ. ನಾನು ಆಸ್ಪತ್ರೆಯಿಂದ ಬಂದ ಮೇಲೆ.

ಹಸಿರು ಬಿತ್ತು. ಹಿಂದಿನವರು ಹಾರ್ನ್ ಹೊಡೆದರು. ಗಾಡಿ ಪಕ್ಕಕ್ಕೆ ಹಾಕಿ ಎಂದೆ. ಹಾಕಿದರು. ಆಫ್ ಮಾಡಿ ಎಂದೆ. ಮಾಡಿದರು. ನೋಡಿ ಮೇಷ್ಟ್ರೇ, ಎಂದೆ. ಆ ಪುಡಿಯಲ್ಲಿ ನನ್ನಕ್ಕ —